ಗಣಿಯ ಒಡೆಯನಿಗೆ ಸಾಲಗಾರನ ಪಟ್ಟ!

ಲೋಕದ ಸಾವಕಾರರು ಬಡ ದೇಶಗಳಿಗೆ ಉಪದೇಶ ಮಾಡತೊಡಗಿದಾಗಲೆಲ್ಲ ಒಂದೇ ರಾಗವು ಕೇಳಿಬರುತ್ತದೆ: ನೀವು ಗಳಿಕೆಗೆ ಮೀರಿ ವೆಚ್ಚ ಮಾಡಿದಿರಿ, ಹಾಸಿಗೆಯಿದ್ದಷ್ಟೇ ಕಾಲು ಚಾಚಲಿಲ್ಲ, ಆದುದರಿಂದ ಸಾಲದಲ್ಲಿ ಸಿಲುಕಿದಿರಿ. ಮಾತು ಕೇಳಲಿಕ್ಕೆ ನ್ಯಾಯವಾಗಿಯೇ ತೋರುತ್ತದೆ. ಆದರೆ ಆ ಹಾಸಿಗೆಯನ್ನು ಕತ್ತರಿಸಿ ಮೊಟಕು ಮಾಡಿದವರು ಯಾರೆಂಬ ಪ್ರಶ್ನೆಯನ್ನು ಈ ಉಪದೇಶಕರು ಎಂದೂ ಎತ್ತುವದಿಲ್ಲ. ನಾವು ಇಂದು ಅದನ್ನೇ ಎತ್ತಬೇಕೆಂದಿದ್ದೇವೆ. ಅದಕ್ಕಾಗಿ ವಾಚಕರನ್ನು ಆಫ್ರಿಕಾ ಖಂಡದ ಝಾಂಬಿಯಾ ದೇಶಕ್ಕೆ ಕರೆದೊಯ್ಯುತ್ತೇವೆ. ಅಷ್ಟು ದೂರದ ಸುದ್ದಿ ನಮಗೇಕೆ ಎಂದು ಯಾರೂ ಅನ್ನಬಾರದು. ಆ ಕಥೆಯ ಒಂದು ಅಧ್ಯಾಯವು ನಮ್ಮ ಬೆಂಗಳೂರಿನಲ್ಲಿಯೇ ಬಯಲಾಯಿತೆಂಬದನ್ನು ಮುಂದೆ ಹೇಳುವೆವು.

ಝಾಂಬಿಯಾದ ಜನರು ಬಡವರು, ನೆಲ ಮಾತ್ರ ಬಡದಲ್ಲ. ಕಿಟ್ವೆ, ಚಿಂಗೋಲ, ಮುಫುಲಿರ ಮೊದಲಾದ ಊರುಗಳ ಅಡಿಯಲ್ಲಿ ಹಬ್ಬಿರುವ ತಾಮ್ರದ ನಿಕ್ಷೇಪವು ಜಗತ್ತಿನ ಬಹು ದೊಡ್ಡ ನಿಕ್ಷೇಪಗಳಲ್ಲಿ ಒಂದು. ಇಂಗ್ಲಿಷರ ಆಳಿಕೆಯಲ್ಲಿ ಆ ನಾಡು ಉತ್ತರ ರೊಡೇಶಿಯವೆನಿಸಿದ್ದಾಗ, ಅಲ್ಲಿಯ ಅದಿರಿನ ರಾಜಧನದ ಬಹುಪಾಲು ಜನರಿಗೂ ಸಲ್ಲುತ್ತಿರಲಿಲ್ಲ, ಸರಕಾರಕ್ಕೂ ಸಲ್ಲುತ್ತಿರಲಿಲ್ಲ. ಸೆಸಿಲ್ ರೋಡ್ಸನು ಕಟ್ಟಿದ ಬ್ರಿಟಿಷ್ ಸೌತ್ ಆಫ್ರಿಕಾ ಕಂಪನಿಗೆ ಸಲ್ಲುತ್ತಿತ್ತು. ಇದಕ್ಕೆ ಆಧಾರವೇನೆಂದರೆ, ಲೇವಾನಿಕಾ ಎಂಬ ಅರಸನಿಂದ 1890ರಲ್ಲಿ ಪಡೆದ ಒಂದು ಕರಾರು! ತಾಮ್ರವಿದ್ದ ನೆಲದ ಮೇಲೆ ಆ ಅರಸನ ಅಧಿಕಾರವೇ ಇರಲಿಲ್ಲವೆಂದು ಝಾಂಬಿಯಾದ ಮುಂದಾಳುಗಳು ಬಳಿಕ ವಾದಿಸಿದರು. ಆದರೂ 1964ರ ಅಕ್ಟೋಬರ 24ರಂದು ಸ್ವಾತಂತ್ರ್ಯ ಬರುವ ಮುನ್ನಾದಿನದ ವರೆಗೆ ಕಂಪನಿಯು ತನ್ನ ಹಿಡಿತವನ್ನು ಸಡಿಲಿಸಲಿಲ್ಲ. ಕೊನೆಗೆ 40 ಲಕ್ಷ ಪೌಂಡು ಪಡೆದು ಬಿಟ್ಟುಕೊಟ್ಟಿತು. ಅದರಲ್ಲಿ ಅರ್ಧವನ್ನು ಬ್ರಿಟನ್ನು ಕೊಟ್ಟರೆ ಇನ್ನರ್ಧವನ್ನು ಆಗ ತಾನೇ ಕಣ್ದೆರೆಯುತ್ತಿದ್ದ ಆ ಹೊಸ ರಾಷ್ಟ್ರವೇ ತೆರಬೇಕಾಯಿತು. ತನ್ನ ಮನೆಯ ಬೀಗದ ಕೈಯನ್ನು ತಾನೇ ಹಣ ಕೊಟ್ಟು ಕೊಂಡುಕೊಂಡು ಒಳಹೊಕ್ಕ ಯಜಮಾನನನ್ನು ವಾಚಕರು ಬೇರೆಲ್ಲಿಯಾದರೂ ಕಂಡಿದ್ದಾರೆಯೇ?

ಅಧ್ಯಕ್ಷ ಕೆನೆತ್ ಕೌಂಡಾ ಅವರು 1969ರಲ್ಲಿ ಗಣಿಗಳ ನೂರಕ್ಕೆ 51 ಪಾಲು ಸರಕಾರಕ್ಕೆ ಸೇರತಕ್ಕದ್ದೆಂದು ಸಾರಿದರು. ಆ ಕಾಲದಲ್ಲಿ ವರ್ಷಕ್ಕೆ ಏಳು ಲಕ್ಷ ಟನ್ನು ತಾಮ್ರ ಹೊರಬರುತ್ತಿತ್ತು. ಆದರೆ 1974ರ ಬಳಿಕ ತಾಮ್ರದ ಬೆಲೆ ಕುಸಿಯಿತು, ಎಣ್ಣೆಯ ಬೆಲೆ ಏರಿತು. ಕುಸಿತವು ತಾತ್ಕಾಲಿಕವೆಂದು ಬಗೆದು ಸರಕಾರವು ಸಾಲ ಮಾಡಿತು. ಸಾಲವನ್ನು ತೀರಿಸಲು ಮತ್ತೆ ಸಾಲ ಮಾಡಿತು. ಗಣಿಗೆ ಹೊಸ ಯಂತ್ರ ಬರಲಿಲ್ಲ, ಗಣಿಯ ಹಣದಿಂದ ಗಣಿಗೆ ಸಂಬಂಧವಿಲ್ಲದ ನೂರು ಕೆಲಸಗಳು ನಡೆದವು. ಇದನ್ನು ನಾವು ಮುಚ್ಚಿಡುವದಿಲ್ಲ. ಸ್ವದೇಶೀ ಸರಕಾರವೆಂದ ಮಾತ್ರಕ್ಕೆ ಅದರ ಅವ್ಯವಸ್ಥೆಯು ಪವಿತ್ರವಾಗುವದಿಲ್ಲ. 2000ದ ಹೊತ್ತಿಗೆ ಉತ್ಪನ್ನವು ಎರಡೂವರೆ ಲಕ್ಷ ಟನ್ನಿನ ಸುತ್ತಮುತ್ತ ಇಳಿದಿತ್ತು.

ಇನ್ನು ನಿಜವಾದ ಕಥೆ. ಸಾಲಗಾರನ ಮನೆಯ ಮಾರಾಟಕ್ಕೆ ನಿಲ್ಲುವವರು ಬೆಲೆಯನ್ನು ಹೇಗೆ ಕಟ್ಟುತ್ತಾರೆಂಬದನ್ನು ನಮ್ಮ ಹಳ್ಳಿಗಳ ರೈತರಿಗೆ ಯಾರೂ ಕಲಿಸಬೇಕಾಗಿಲ್ಲ. ವಿಶ್ವ ಬ್ಯಾಂಕು ಮತ್ತು ಅಂತರರಾಷ್ಟ್ರೀಯ ಹಣಕಾಸು ನಿಧಿಗಳ ಒತ್ತಾಯದ ಮೇರೆಗೆ 1997ರಿಂದ 2000ದ ವರೆಗೆ ಗಣಿಗಳನ್ನು ತುಂಡು ತುಂಡಾಗಿ ಖಾಸಗಿಯವರಿಗೆ ಮಾರಲಾಯಿತು. ಝಾಂಬಿಯಾದ 1995ರ ಗಣಿ ಕಾಯದೆಯಲ್ಲಿ ರಾಜಧನವು ನೂರಕ್ಕೆ 3 ಎಂದಿತ್ತು. ಆದರೆ ಕೊಳ್ಳುವವರೊಡನೆ ಮಾಡಿಕೊಂಡ ಅಭಿವೃದ್ಧಿ ಕರಾರುಗಳಲ್ಲಿ ಅದು ನೂರಕ್ಕೆ 0.6ಕ್ಕೆ ಇಳಿಯಿತು. ಎಂದರೆ ಸಾವಿರ ಡಾಲರಿನ ತಾಮ್ರಕ್ಕೆ ನೆಲದ ಒಡೆಯನಿಗೆ ಆರು ಡಾಲರು! ಈ ದರವು ಹದಿನೈದು ಇಪ್ಪತ್ತು ವರುಷಗಳ ವರೆಗೆ ಕದಲಕೂಡದೆಂಬ ನಿರ್ಬಂಧವೂ ಇತ್ತು. ಕರಾರುಗಳನ್ನು ಸಾರ್ವಜನಿಕರಿಗೆ ತೋರಿಸಲಿಲ್ಲ. ದೇಶದ ಶಾಸನವು ಒಂದು ಹೇಳುತ್ತಿರಲು, ಮುಚ್ಚಿದ ಬಾಗಿಲ ಹಿಂದಿನ ಕಾಗದವು ಇನ್ನೊಂದು ಹೇಳಿತು, ಕಾಗದವೇ ಗೆದ್ದಿತು.

ಅಷ್ಟರಲ್ಲಿ ಬೆಲೆ ಏರಿತು. 2002ರಲ್ಲಿ ಲಂಡನ್ ಪೇಟೆಯಲ್ಲಿ ಸರಾಸರಿ ಟನ್ನಿಗೆ 1,600 ಡಾಲರನ್ನೂ ಮುಟ್ಟದಿದ್ದ ತಾಮ್ರವು 2006ರಲ್ಲಿ 8,000 ಡಾಲರನ್ನು ದಾಟಿತು. ದೇಶಕ್ಕೆ ದೊರೆತುದು ಅದೇ ಸಾವಿರಕ್ಕೆ ಆರು.

ಇನ್ನು ಬೆಂಗಳೂರಿನ ಅಧ್ಯಾಯ. ಅಲ್ಲಿಯ ದೊಡ್ಡ ಗಣಿಗಳಲ್ಲೊಂದಾದ ಕೊಂಕೊಲವನ್ನು 2000ದಲ್ಲಿ ಕೊಂಡ ಆಂಗ್ಲೋ ಅಮೆರಿಕನ್ ಕಂಪನಿಯು ಎರಡೇ ವರುಷದಲ್ಲಿ ಕೈಬಿಟ್ಟಿತು. 2004ರಲ್ಲಿ ಅದರ ನೂರಕ್ಕೆ 51 ಪಾಲನ್ನು ವೇದಾಂತ ಕಂಪನಿಯು ಎರಡೂವರೆ ಕೋಟಿ ಡಾಲರಿಗೆ ಪಡೆಯಿತು. ಹತ್ತು ವರುಷಗಳ ಬಳಿಕ, 2014ರಲ್ಲಿ, ಬೆಂಗಳೂರಿನಲ್ಲಿ ನೆರೆದ ವ್ಯಾಪಾರಸ್ಥರ ಒಂದು ಸಭೆಯಲ್ಲಿ ಆ ಕಂಪನಿಯ ಮುಖ್ಯಸ್ಥ ಅನಿಲ ಅಗರವಾಲ ಅವರು ಈ ಖರೀದಿಯ ಕಥೆಯನ್ನು ಸಂತೋಷದಿಂದ ಬಣ್ಣಿಸಿ, ಆ ಗಣಿಯು ವರ್ಷಂಪ್ರತಿ 50 ಕೋಟಿ ಡಾಲರಿಗೂ ಮಿಗಿಲಾಗಿ ಮರಳಿ ಕೊಡುತ್ತಿದೆಯೆಂದು ಹೇಳಿದರು. ಸಭಿಕರು ಚಪ್ಪಾಳೆ ತಟ್ಟಿದರು. ಆ ಭಾಷಣದ ಚಿತ್ರಣವು ಝಾಂಬಿಯಾವನ್ನು ತಲುಪಿದಾಗ ಅಲ್ಲಿ ಚಪ್ಪಾಳೆ ಬೀಳಲಿಲ್ಲ. ಅಂಕೆಗಳ ಅರ್ಥವೇ ಬೇರೆ ಎಂದು ಕಂಪನಿಯ ಕಡೆಯಿಂದ ಸಮಜಾಯಿಷಿ ಬಂದುದುಂಟು. ಇರಲಿ. ಕಂಪನಿಯು ಹಣ ಹೂಡಿತೆಂಬದನ್ನೂ ನಾವು ಅಲ್ಲಗಳೆಯುವದಿಲ್ಲ. ನಮ್ಮನ್ನು ಚುಚ್ಚಿದುದು ಅಂಕೆಯಲ್ಲ, ಆ ಚಪ್ಪಾಳೆ. ಎರಡು ಶತಮಾನ ಪರಕೀಯ ಕಂಪನಿಗಳಿಂದ ಸುಲಿಸಿಕೊಂಡ ದೇಶದ ಜನರು, ಇನ್ನೊಂದು ದೇಶದ ಸಂಕಟಕಾಲದ ಮಾರಾಟವನ್ನು ಜಾಣತನವೆಂದು ಮೆಚ್ಚಬೇಕೆ? ಉರಿಯುವ ಮನೆಯಲ್ಲಿ ಗಳ ಹಿರಿದುದನ್ನು ಮೆಚ್ಚುವದೂ ಒಂದು ರಸಿಕತೆಯೇ!

ಝಾಂಬಿಯಾ ಸರಕಾರವು ಒಮ್ಮೆ ಎಚ್ಚತ್ತಿತ್ತು. 2008ರಲ್ಲಿ ಹಳೆಯ ಕರಾರುಗಳನ್ನು ಬದಿಗಿರಿಸಿ ರಾಜಧನವನ್ನು ನೂರಕ್ಕೆ 3ಕ್ಕೆ ಏರಿಸಿತು; ಬೆಲೆಯ ಏರಿಕೆಯಿಂದ ಬಂದ ಆಕಸ್ಮಿಕ ಲಾಭದ ಮೇಲೆ ಪ್ರತ್ಯೇಕ ಕರವನ್ನು ಹಾಕಿತು. ಕಂಪನಿಗಳು ಗದ್ದಲವೆಬ್ಬಿಸಿದವು. ಅದೇ ವರ್ಷದ ಕೊನೆಗೆ ಬೆಲೆ ಕುಸಿಯಿತು. 2009ರಲ್ಲಿ ಆ ಕರವು ರದ್ದಾಯಿತು. ಬೆಲೆ ಮತ್ತೆ ಏರಿದಾಗ ಕರವಿರಲಿಲ್ಲ.

ಕರವಿದ್ದರೂ ಅದು ಬೊಕ್ಕಸಕ್ಕೆ ಬರುವ ದಾರಿ ಸುಗಮವಲ್ಲ. ಸಮುದ್ರವಿಲ್ಲದ, ತಾಮ್ರ ಕರಗಿಸುವ ಕಾರಖಾನೆಗಳೂ ಹೇಳಿಕೊಳ್ಳುವಷ್ಟಿಲ್ಲದ ಸ್ವಿಟ್ಜರ್ಲೆಂಡ್ ದೇಶಕ್ಕೆ ಝಾಂಬಿಯಾದ ತಾಮ್ರದ ದೊಡ್ಡ ಭಾಗವು ಹೋಗುತ್ತಿತ್ತೆಂದು ಲೆಕ್ಕದ ಪುಸ್ತಕಗಳು ಹೇಳುತ್ತಿದ್ದವು. ತಾಮ್ರ ಅಲ್ಲಿಗೆ ಹೋಗುವದಿಲ್ಲ, ಲೆಕ್ಕ ಮಾತ್ರ ಹೋಗುತ್ತದೆ. ವ್ಯಾಪಾರದ ಮನೆಗಳು ಅಲ್ಲಿವೆ. ಗಣಿಯೂ ತನ್ನದೇ, ಕೊಳ್ಳುವ ಅಂಗಡಿಯೂ ತನ್ನದೇ ಆದಲ್ಲಿ, ಎಡಗೈಯಿಂದ ಬಲಗೈಗೆ ಮಾರುವ ಬೆಲೆಯನ್ನು ಎಷ್ಟು ಇಳಿಸಿದರೂ ಕೇಳುವವರಾರು? ಕೇಳಿದವರು ಝಾಂಬಿಯಾದ ಕರ ಇಲಾಖೆಯವರು. ಮೊಪಾನಿ ಗಣಿಯು ತನ್ನ ಮೂಲ ಒಡೆಯನಾದ ಗ್ಲೆನ್‌ಕೋರ್ ಕಂಪನಿಗೆ ಪೇಟೆಯ ಬೆಲೆಗಿಂತ ಕಡಿಮೆಗೆ ತಾಮ್ರ ಮಾರಿತೆಂಬ ವ್ಯಾಜ್ಯದಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಇಲಾಖೆಯ ಪರವಾಗಿ ತೀರ್ಪಿತ್ತಿತು. ನ್ಯಾಯ ದೊರೆಯಿತು, ವಿವಾದದ ಮಾರಾಟಗಳು ನಡೆದು ಹತ್ತು ವರುಷಗಳು ದಾಟಿದ ಮೇಲೆ.

ಈಗ ಸಾಲದ ವಿಷಯಕ್ಕೆ ಬರುವೆವು. 1979ರಲ್ಲಿ ರುಮೇನಿಯ ದೇಶವು ಟ್ರ್ಯಾಕ್ಟರು ಮೊದಲಾದ ಒಕ್ಕಲುತನದ ಯಂತ್ರಗಳಿಗಾಗಿ ಝಾಂಬಿಯಾಕ್ಕೆ ಒಂದೂವರೆ ಕೋಟಿ ಡಾಲರಿನ ಸಾಲ ಕೊಟ್ಟಿತ್ತು. ಇಪ್ಪತ್ತು ವರುಷಗಳ ಬಳಿಕ ಆ ಹಳೆಯ ಪತ್ರವನ್ನು ಡೊನೆಗಲ್ ಇಂಟರ್‌ನ್ಯಾಶನಲ್ ಎಂಬ ಕಂಪನಿಯು ಸುಮಾರು 33 ಲಕ್ಷ ಡಾಲರಿಗೆ ಕೊಂಡು, ಲಂಡನ್ನಿನ ನ್ಯಾಯಾಲಯದಲ್ಲಿ ಐದೂವರೆ ಕೋಟಿ ಡಾಲರಿಗೆ ಫಿರ್ಯಾದು ಹೂಡಿತು. 2007ರಲ್ಲಿ ನ್ಯಾಯಾಲಯವು ಸುಮಾರು ಒಂದೂವರೆ ಕೋಟಿ ಡಾಲರನ್ನು ಕೊಡಿಸಿತು. ಇದು ನಡೆದುದು ಯಾವಾಗ? ಇತರ ಸಾಲಿಗರು ಕರುಣೆ ತಾಳಿ 2005 ಮತ್ತು 2006ರಲ್ಲಿ ಆ ದೇಶದ ಪರದೇಶೀ ಸಾಲವನ್ನು ಸುಮಾರು 700 ಕೋಟಿ ಡಾಲರಿನಿಂದ 50 ಕೋಟಿ ಡಾಲರಿಗೆ ಇಳಿಸಿದ ಬೆನ್ನಿಗೇ! ಇಂತಹ ಪತ್ರಬೇಟೆಗಾರರನ್ನು ತಡೆಯಲು ಬ್ರಿಟನ್ನು 2010ರಲ್ಲಿ ಕಾಯದೆ ಮಾಡಿತೆಂಬದನ್ನು ಒಪ್ಪಿಕೊಳ್ಳತಕ್ಕದ್ದೇ ಸರಿ.

ಹೊರೆಯಿಳಿದ ಹೆಗಲು ಬಹುಕಾಲ ಹಗುರಾಗಿ ಉಳಿಯಲಿಲ್ಲ. ಝಾಂಬಿಯಾ ಸರಕಾರವು 2012ರಲ್ಲಿ 75 ಕೋಟಿ, 2014ರಲ್ಲಿ 100 ಕೋಟಿ, 2015ರಲ್ಲಿ 125 ಕೋಟಿ ಡಾಲರುಗಳನ್ನು ಪರದೇಶದ ಪೇಟೆಯಲ್ಲಿ ಸಾಲಪತ್ರಗಳ ಮೂಲಕ ಎತ್ತಿತು. ಚೀನದಿಂದ ತಂದ ಸಾಲ ಬೇರೆ. 2014ರ ಪತ್ರಗಳ ಬಡ್ಡಿಯು ನೂರಕ್ಕೆ 8.5. ವಾಚಕರು ದಯವಿಟ್ಟು ಈ ಎರಡು ಅಂಕೆಗಳನ್ನು ಒಂದರ ಪಕ್ಕದಲ್ಲೊಂದು ಇಡಬೇಕು: ತನ್ನ ನೆಲದ ಸಾವಿರ ಡಾಲರಿನ ತಾಮ್ರವನ್ನು ಬಿಟ್ಟುಕೊಟ್ಟುದಕ್ಕೆ ಒಂದೇ ಸಲ 6 ಡಾಲರು; ಹೊರಗಿನಿಂದ ಸಾವಿರ ಡಾಲರು ಸಾಲ ತಂದುದಕ್ಕೆ ಪ್ರತಿವರ್ಷವೂ 85 ಡಾಲರು! ಅಷ್ಟರೊಳಗೆ ರಾಜಧನದ ದರವು ಏರಿತ್ತು, ನಿಜ. ಆದರೆ ಹಳೆಯ ದರದಲ್ಲಿ ಹೊರಟುಹೋದ ಅದಿರು ಕಬ್ಬಿನ ಕೂಳೆಯಲ್ಲ, ಮರುವರ್ಷ ಚಿಗುರುವದಿಲ್ಲ. 2020ರ ನವೆಂಬರದಲ್ಲಿ 4 ಕೋಟಿ 25 ಲಕ್ಷ ಡಾಲರಿನ ಬಡ್ಡಿಯ ಕಂತನ್ನು ಕೊಡಲಾರದೆ ಝಾಂಬಿಯಾ ಕೈಚೆಲ್ಲಿತು. ಸಾಲಗಳ ಮರುಹೊಂದಾಣಿಕೆಯ ಮಾತುಕತೆಗೆ 2023 ಮತ್ತು 2024ರ ವರೆಗೆ ಕಾಯಬೇಕಾಯಿತು.

ಆ ಸಾಲದ ಹಣವನ್ನೆಲ್ಲ ಲೆಕ್ಕವಿಟ್ಟು ಸದ್ವಿನಿಯೋಗ ಮಾಡಿದರೆಂದು ನಾವು ಹೇಳಲಾರೆವು. ದುಂದು ನಡೆಯಿತು, ಆಳುವವರು ಅದಕ್ಕೆ ಹೊಣೆಗಾರರು. ಆದರೆ ದುಂದುಗಾರನ ಆಸ್ತಿಯನ್ನು ಕಡಿಮೆ ಬೆಲೆಗೆ ಕೊಂಡವನೇ ಮಿತವ್ಯಯದ ಮೇಲೆ ವ್ಯಾಖ್ಯಾನ ಕೊಡಲು ನಿಂತರೆ ಅದನ್ನು ಸಹಿಸುವದು ಕಷ್ಟ.

ರಿಯಾಯತಿ ಕೊಡದಿದ್ದರೆ ಪರದೇಶದ ಬಂಡವಾಳ ಬರುವದೇ ಇಲ್ಲವೆಂದು ಕೆಲವು ಪಂಡಿತರು ಹೆದರಿಸುತ್ತಾರೆ. ಅವರು ಝಾಂಬಿಯಾದ ನೆರೆಯ ಬೋಟ್ಸ್ವಾನವನ್ನು ನೋಡಲಿ. 1966ರಲ್ಲಿ ಸ್ವತಂತ್ರವಾದಾಗ ಅತ್ಯಂತ ಬಡ ದೇಶಗಳ ಸಾಲಿನಲ್ಲಿದ್ದ ಅದು ತನ್ನ ವಜ್ರದ ಗಣಿಗಳಲ್ಲಿ ಡಿ ಬೀರ್ಸ್ ಎಂಬ ಮಹಾಕಂಪನಿಯಿಂದ ಸಮಪಾಲನ್ನು ಕೇಳಿ ಪಡೆಯಿತು. ಕಂಪನಿಯು ಓಡಿಹೋಗಲಿಲ್ಲ, ವಜ್ರವಿದ್ದುದು ಅಲ್ಲಿಯೇ ಆದುದರಿಂದ ಅಲ್ಲಿಯೇ ನಿಂತಿತು. ಬಂದ ಹಣದಲ್ಲಿ ಶಾಲೆ ರಸ್ತೆಗಳಾದವು, ಮುಂದಿನ ಪೀಳಿಗೆಗೆಂದು 1994ರಲ್ಲಿ ಪುಲಾ ನಿಧಿಯೂ ಆಯಿತು. ಯಂತ್ರದಲ್ಲಿ ಬೆಳೆಸಿದ ವಜ್ರಗಳು ಬಂದು ಆ ದೇಶದ ಆದಾಯಕ್ಕೂ ಇತ್ತೀಚೆಗೆ ಪೆಟ್ಟು ಬಿದ್ದಿದೆ; ಒಂದೇ ಸರಕನ್ನು ನಂಬಿದ ದೇಶಕ್ಕೆ ಅದು ತಪ್ಪದ ಗಂಡಾಂತರ. ಆದರೆ ಪಾಲು ಕೇಳಿದುದರಿಂದ ಅದು ಕೆಟ್ಟಿತೆಂದು ಯಾರೂ ಹೇಳಲಾರರು.

ದೂರದವರಿಗೆ ಬುದ್ಧಿ ಹೇಳುವ ಮೊದಲು ನಮ್ಮ ದೀಪದ ಬುಡವನ್ನೂ ನೋಡಿಕೊಳ್ಳಬೇಕು. ಕೋಲಾರದ ಚಿನ್ನವನ್ನು 1880ರಿಂದ 1956ರ ವರೆಗೆ ಜಾನ್ ಟೇಲರ್ ಕಂಪನಿಯ ಆಡಳಿತದಲ್ಲಿ ತೆಗೆಯಲಾಯಿತು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಬೆಳಗಿದುದು ಆ ಗಣಿಯನ್ನು. ಬೆಂಗಳೂರು 1905ರ ವರೆಗೆ ಕಾಯಿತು. 2001ರಲ್ಲಿ ಗಣಿ ಮುಚ್ಚಿತು. ಸಯನೈಡಿನ ದಿಬ್ಬಗಳು ನಮ್ಮ ಪಾಲಿಗೆ ಉಳಿದಿವೆ. ಅದು ಪರಕೀಯರ ಕಾಲವಾಯಿತೆನ್ನೋಣ. ಬಳ್ಳಾರಿಯಲ್ಲಿ ಅಗೆದವರು ಪರಕೀಯರೇ? 2009ರ ಆಗಸ್ಟದ ವರೆಗೆ ಕಬ್ಬಿಣದ ಅದಿರಿನ ರಾಜಧನವು ಟನ್ನಿಗೆ 27 ರೂಪಾಯಿ ಮೀರಿರಲಿಲ್ಲ. ಅದೇ ಅದಿರು ಸಾವಿರಾರು ರೂಪಾಯಿಗೆ ಹಡಗು ಹತ್ತುತ್ತಿತ್ತು. ಅಷ್ಟನ್ನೂ ಕೊಡದೆ ಸಾಗಿಸಿದವರ ಕಥೆಯನ್ನು ಲೋಕಾಯುಕ್ತ ಸಂತೋಷ ಹೆಗ್ಡೆಯವರ 2011ರ ವರದಿಯು ಹೇಳಿದೆ. ಗಣಿಗಾರಿಕೆಯ ಹಕ್ಕಿನ ಮೇಲೆ ಕರ ಹಾಕುವ ಅಧಿಕಾರವು ರಾಜ್ಯಗಳಿಗೆ ಉಂಟೆಂದು ಸರ್ವೋಚ್ಚ ನ್ಯಾಯಾಲಯವು ಸಾರಿದುದು 2024ರ ಜುಲೈ 25ರಂದು. ಬೆಟ್ಟಗಳು ಅಷ್ಟು ದಿನ ಕಾಯಲಿಲ್ಲ.

ಕೊಂಕೊಲ ಗಣಿಯನ್ನು 2019ರಲ್ಲಿ ಝಾಂಬಿಯಾ ಸರಕಾರವು ವೇದಾಂತದಿಂದ ಕಸಿದುಕೊಂಡಿತ್ತು. 2024ರಲ್ಲಿ ಅದನ್ನು ಅದೇ ಕಂಪನಿಗೆ ಮರಳಿ ಒಪ್ಪಿಸಿತು. 2021ರಲ್ಲಿ ಆರಿಸಿಬಂದ ಅಧ್ಯಕ್ಷ ಹಿಚಿಲೆಮಾ ಅವರ ಸರಕಾರವು ತಾಮ್ರದ ಉತ್ಪನ್ನವನ್ನು ವರ್ಷಕ್ಕೆ 30 ಲಕ್ಷ ಟನ್ನಿಗೆ ಏರಿಸುವ ಗುರಿಯನ್ನು ಹಾಕಿಕೊಂಡಿತು. ವಿದ್ಯುತ್ ವಾಹನಗಳಿಗೂ ತಂತಿಗಳಿಗೂ ಜಗತ್ತಿಗೆಲ್ಲ ತಾಮ್ರ ಬೇಕಾಗಿದೆ. ಕೊಳ್ಳುವವರು ಬಾಗಿಲಲ್ಲಿ ಸಾಲಾಗಿ ನಿಂತಿದ್ದಾರೆ. ಹಿಂದೆ ಸಂಕಟದಲ್ಲಿ ಮಾರಿದ ದೇಶಕ್ಕೆ ಈಗ ಸರದಿ ಬಂದಿದೆ. ಎಷ್ಟು ಟನ್ನು ಎಂಬದನ್ನು ಎಲ್ಲರೂ ಕೇಳುತ್ತಾರೆ. ಯಾವ ಕರಾರಿನ ಮೇಲೆ, ಅದನ್ನು ಸಹಿಗೆ ಮೊದಲು ಯಾರು ಯಾರು ಓದಿದರು ಎಂಬದನ್ನು ನಾವು ಕೇಳುತ್ತೇವೆ. ಚಿಂಗೋಲದ ಸುತ್ತಿನ 1,826 ಹಳ್ಳಿಗರು, ಗಣಿಯ ಹೊಲಸು ತಮ್ಮ ನೀರನ್ನೂ ಹೊಲಗಳನ್ನೂ ಕೆಡಿಸಿತೆಂಬ ದೂರನ್ನು ಹೊತ್ತು ಲಂಡನ್ನಿನ ವರೆಗೆ ಹೋದರು. ಆ ವ್ಯಾಜ್ಯವನ್ನು ಇಂಗ್ಲಂಡಿನಲ್ಲಿಯೇ ನಡೆಸಬಹುದೆಂದು ಹೇಳಿಸಿಕೊಳ್ಳಲಿಕ್ಕೇ 2019ರ ಏಪ್ರಿಲದ ವರೆಗೆ ಹೋರಾಡಬೇಕಾಯಿತು. 2025ರ ಫೆಬ್ರವರಿ 18ರಂದು ಚಾಂಬಿಶಿಯ ಬಳಿ ಚೀನಿಯರ ಒಡೆತನದ ಇನ್ನೊಂದು ಗಣಿಯ ಕಟ್ಟೆಯೊಡೆದು ಆಮ್ಲದ ನೀರು ಕಾಫುವೆ ನದಿಯನ್ನು ಸೇರಿತು. ಮೀನುಗಳು ಸತ್ತು ತೇಲಿದವು. ತಾಮ್ರದ ರಾಜಧಾನಿಯೆನಿಸಿದ ಕಿಟ್ವೆ ನಗರದಲ್ಲಿ ನಲ್ಲಿಯ ನೀರನ್ನು ನಿಲ್ಲಿಸಬೇಕಾಯಿತು.