ವಿಮಾನದ ಆಟ ಗಂಡುಹುಡುಗರಿಗೇ ಅಂತ ಬರೆದುಕೊಟ್ಟೋರು ಯಾರು?

ಬೇಸಿಗೆ ರಜೆ ಬಂತು ಅಂದ್ರೆ ನಮ್ಮ ಯಗಟಿಯ ಎಷ್ಟೋ ಮನೇಲಿ ಒಂದೇ ಪಂಚಾಯ್ತಿ ಕಣ್ರೀ, ಫೋನ್ ಯಾರ ಕೈಗೆ ಅಂತ. ಆಗೋ ತೀರ್ಮಾನನೂ ಒಂದೇ. ಹುಡುಗ ಜಗಲಿ ಮೇಲೆ ಕೂತು ಯುದ್ಧವಿಮಾನ ಹಾರಿಸ್ತಾನೆ, ಹುಡುಗಿ ಮುಂದೆ ಒಂದು ಮೊರ ಬೆಳ್ಳುಳ್ಳಿ. ಅವಳೂ ಕೇಳಿದ್ರೆ, "ಅದು ಗಂಡುಹುಡ್ರ ಆಟ, ನಿನಗ್ಯಾಕೆ" ಅಂತಾರೆ. ಅಪ್ಪಂದಿರು ಅನ್ನೋದಿರ್ಲಿ, ಅಜ್ಜಿ, ಅತ್ತೆ, ದೊಡ್ಡಮ್ಮ ಎಲ್ಲರ ಬಾಯಲ್ಲೂ ಅದೇ. ನನಗಂತೂ ಈ ಮಾತು ಸರಿ ಕಾಣಲ್ಲ.

ಆಟ ಯಾವುದು ಅಂತ ಗೊತ್ತಿಲ್ಲದೋರಿಗೆ ಹೇಳ್ತೀನಿ. ನಮ್ಮ ವಿಮಾನ ಪರದೆಯ ಕೆಳಗಡೆ ಇರುತ್ತೆ, ನೆಲ ಮೇಲಿಂದ ಕೆಳಕ್ಕೆ ಸರೀತಾ ಬರುತ್ತೆ. ಬಸ್ಸಿನ ಮುಂದಿನ ಸೀಟಲ್ಲಿ ಕೂತಾಗ ರಸ್ತೆನೇ ನಮ್ಮ ಕಡೆ ಓಡಿ ಬಂದ ಹಾಗೆ. ಎದುರಿಗೆ ಬಂದಿದ್ದನ್ನ ಹೊಡೀಬೇಕು, ಇಲ್ಲ ತಪ್ಪಿಸ್ಕೋಬೇಕು. 1984ರಲ್ಲಿ ಜಪಾನಿನ ಕ್ಯಾಪ್ಕಾಮ್ ಕಂಪನಿ ತಂದ '1942', 1990ರ 'ರೈಡನ್' ಎಲ್ಲ ಇದೇ ಜಾತಿಯವು, ನಾಣ್ಯ ಹಾಕಿ ಆಡೋ ಪೆಟ್ಟಿಗೆಯಲ್ಲಿ ಬಂದವು. ಅವಕ್ಕೂ ಮುಂಚೆ, 1982ರಲ್ಲಿ, ಮನೆ ಟಿವಿಗೆ ಜೋಡಿಸೋ ಅಟಾರಿ 2600 ಯಂತ್ರಕ್ಕೆ ಅಂತ 'ರಿವರ್ ರೇಡ್' ಬಂತು. ನದಿ ಮೇಲೆ ಜೆಟ್ ವಿಮಾನ ಹಾರಿಸೋ ಆಟ. ಮಾಡಿದ್ದು ಯಾರು ಅಂತೀರಾ? ಅಮೆರಿಕದ ಕ್ಯಾರಲ್ ಶಾ. ಹೆಂಗಸು ಕಣ್ರೀ.

ಆಯಮ್ಮ ಬರ್ಕ್ಲಿಯಲ್ಲಿ ಎಂಜಿನಿಯರಿಂಗ್ ಓದಿ 1978ರಲ್ಲಿ ಅಟಾರಿ ಕಂಪನಿಗೆ ಸೇರಿದ್ರು. ಅಲ್ಲಿನ ದೊಡ್ಡ ಯಜಮಾನರು, ಹೆಂಗಸೊಬ್ಬಳು ಬಂದಳಲ್ಲ, ಇನ್ನು ಮೇಕಪ್ ಬಣ್ಣ ಹೊಂದಿಸೋದು, ಮನೆ ಅಲಂಕಾರ ಮಾಡೋದು, ಇಂಥ ಆಟ ಮಾಡಿಸಬಹುದು ಅನ್ನೋ ಅರ್ಥದಲ್ಲಿ ಮಾತಾಡಿದ್ರಂತೆ. ಅಮೆರಿಕದಲ್ಲೂ ಬೆಳ್ಳುಳ್ಳಿ ಮೊರನೇ ಮುಂದಿಟ್ಟರು ನೋಡಿ! ಆಯಮ್ಮ ಅದನ್ನ ಕಿವಿಗೆ ಹಾಕ್ಕೊಳ್ಳಲಿಲ್ಲ. ಆಮೇಲೆ ಆಕ್ಟಿವಿಷನ್ ಅನ್ನೋ ಕಂಪನಿಗೆ ಹೋಗಿ ಈ ಜೆಟ್ ಆಟ ಮಾಡಿದ್ರು.

ಆ ಆಟದಲ್ಲಿ ನನಗೆ ತುಂಬ ಹಿಡಿಸಿದ್ದು ಇಂಧನದ ಲೆಕ್ಕ. ವಿಮಾನದ ಇಂಧನ ಕರಗ್ತಾನೇ ಇರುತ್ತೆ. ನದಿಯಲ್ಲಿ ಅಲ್ಲಲ್ಲಿ ಇಂಧನದ ತೊಟ್ಟಿ ಇರುತ್ತವೆ, ಅದರ ಮೇಲೆ ಹಾರಿದ್ರೆ ತುಂಬುತ್ತೆ. ನಿಧಾನಕ್ಕೆ ಹಾರಿದ್ರೆ ಜಾಸ್ತಿ ತುಂಬುತ್ತೆ. ಆದ್ರೆ ಅದೇ ತೊಟ್ಟಿಗೆ ಗುಂಡು ಹೊಡೆದ್ರೆ 80 ಅಂಕ ಸಿಗುತ್ತೆ. ಅಂಕ ಬೇಕೋ, ಇಂಧನ ಬೇಕೋ? ಸಿಲಿಂಡರ್ ಯಾವಾಗ ಮುಗಿಯುತ್ತೆ, ಇವತ್ತು ಒಬ್ಬಟ್ಟು ಮಾಡಿದ್ರೆ ನಾಳೆಗೆ ಉಳಿಯುತ್ತಾ ಅಂತ ದಿನಾ ಲೆಕ್ಕ ಹಾಕೋ ನಮಗೆ ಇದನ್ನ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನೊಂದಿದೆ. ಅಷ್ಟುದ್ದ ನದಿ, ಸೇತುವೆ, ಹೆಲಿಕಾಪ್ಟರು, ಎಲ್ಲ ಹಿಡಿದಿದ್ದು ಬರೀ 4 ಕೆಬಿ ಜಾಗದಲ್ಲಿ. ನಾನೀಗ ಬರೀತಿರೋ ಈ ಬರಹನೇ ಅಷ್ಟರಲ್ಲಿ ಹಿಡಿಯಲ್ಲ. ನೀವು ದಿನಾ ಬೆಳಿಗ್ಗೆ ವಾಟ್ಸಾಪಲ್ಲಿ ಕಳಿಸೋ ಹೂವಿನ ಚಿತ್ರದ ಮಾತಂತೂ ಬಿಡಿ. ಹೆಂಗೆ ಸಾಧ್ಯ ಆಯ್ತು ಅಂದ್ರೆ, ಆಯಮ್ಮ ಪೂರ್ತಿ ನದಿನ ಅದರೊಳಗೆ ಇಡಲೇ ಇಲ್ಲ. ಲೆಕ್ಕದ ಒಂದು ಸೂತ್ರ ಇಟ್ಟರು. ಒಂದು ಸಂಖ್ಯೆಯಿಂದ ಶುರು ಮಾಡಿ ಮುಂದಿನ ತಿರುವು, ಅದರ ಮುಂದಿನ ತಿರುವು ಅಂತ ಯಂತ್ರವೇ ಹುಟ್ಟಿಸ್ಕೊಂಡು ಹೋಗುತ್ತೆ. ಶುರುವಿನ ಸಂಖ್ಯೆ ಒಂದೇ ಆದ್ದರಿಂದ ಎಷ್ಟು ಸಲ ಆಡಿದ್ರೂ ಅದೇ ನದಿ. ನಾವು "15 ಚುಕ್ಕಿ, 8ರವರೆಗೆ, ಸಂದುಚುಕ್ಕಿ" ಅಂತ ಒಂದು ಸಾಲಲ್ಲಿ ಹೇಳಿದ್ರೆ ಪಕ್ಕದ ಮನೆಯೋರು ತಮ್ಮ ಬಾಗಿಲಲ್ಲಿ ನಮ್ಮಷ್ಟೇ ಅಗಲದ ರಂಗೋಲಿ ಹಾಕಲ್ವಾ, ಹಂಗೆ. ಚುಕ್ಕಿ ಎಣಿಸೋಕೆ ಕಲಿತ ಹುಡುಗಿಗೆ ಈ ಆಟದ ತಲೆ ಹತ್ತಲ್ಲ ಅಂದ್ರೆ ನಾನು ನಂಬಲ್ಲ.

ಹೊಡೆದಾಟದ ಆಟ, ಮಕ್ಕಳು ಕೆಡ್ತಾರೆ ಅನ್ನೋರಿದ್ದೀರಿ. ಅದು ಸುಮ್ಮನೆ ತಳ್ಳಿಹಾಕೋ ಮಾತಲ್ಲ. 1984ರಲ್ಲಿ ಪಶ್ಚಿಮ ಜರ್ಮನಿ ಸರ್ಕಾರ ಇದೇ ರಿವರ್ ರೇಡನ್ನ ಮಕ್ಕಳಿಗೆ ಕೊಡಬಾರದ ಪಟ್ಟಿಗೆ ಸೇರಿಸಿತ್ತು. ಆದ್ರೆ ಕೆಟ್ಟದ್ದು ಅನ್ನೋದಾದ್ರೆ ಹುಡುಗನ ಕೈಯಿಂದಲೂ ಕಿತ್ಕೊಳ್ಳಿ. ಕಣ್ಣು ಹಾಳಾಗೋದು ಇಬ್ಬರದೂ ತಾನೆ? ಅವನಿಗೆ ಆಟ, ಇವಳಿಗೆ ಕೇಡು ಅನ್ನೋ ಲೆಕ್ಕ ಯಾವ ಸೀಮೇದು?

ಆಟ ಬಿಡಿ, ನಿಜವಾದ ವಿಮಾನಕ್ಕೇ ಬರೋಣ. 2016ರ ಜೂನ್‌ನಲ್ಲಿ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಅಂತ ಮೂರು ಹೆಣ್ಣುಮಕ್ಕಳು ನಮ್ಮ ವಾಯುಪಡೆಯ ಯುದ್ಧವಿಮಾನ ವಿಭಾಗಕ್ಕೆ ಮೊದಲ ಸಲ ಸೇರಿದ್ರು. ಮುಂದಿನ ತರಬೇತಿಗೆ ಬಂದಿದ್ದು ನಮ್ಮ ಬೀದರಿಗೇ, ಹಾಕ್ ಜೆಟ್ ಹಾರಿಸೋಕೆ. ಫೋನಲ್ಲಿ ಆಡಿದ್ರೆ ಪೈಲಟ್ ಆಗ್ತಾರೆ ಅಂತ ನಾನು ಹೇಳ್ತಿಲ್ಲ, ಅಷ್ಟು ಹುಚ್ಚಿಲ್ಲ ನನಗೆ. ನಿಜವಾದದ್ದನ್ನೇ ಹಾರಿಸ್ತಿರೋವಾಗ ಆಟದ ವಿಮಾನಕ್ಕೆ ಬೇಡ ಅನ್ನೋದು ಎಂಥ ಮಾತು ಅಂತ ಅಷ್ಟೇ.

ನಮ್ಮನೇಲಿ ಈಗ ಒಂದು ಕಟ್ಟುಪಾಡು. ಸಂಜೆ ಅರ್ಧ ಗಂಟೆ ಫೋನು. ವಿಮಾನ ಬಿತ್ತು ಅಂದ್ರೆ ಕೈ ಬದಲಾಗಬೇಕು, ಅಣ್ಣನಿಂದ ತಂಗಿಗೆ, ತಂಗಿಯಿಂದ ಅಣ್ಣನಿಗೆ. ಫೋನ್ ಕೈಲಿಲ್ಲದೋರು ಬೆಳ್ಳುಳ್ಳಿ ಬಿಡಿಸಬೇಕು.