ಏನೂ ಮಾಡದ ಒಂದು ದಿನ

ಚೀನಾದಿಂದ ಮಗುವನ್ನು ದತ್ತು ತಂದ ಅಮೆರಿಕದವರನ್ನು ಕೇಳಿ ನೋಡಿ, ಗುವಾಂಗ್‌ಝೌ ಊರಿನ ಮಾತು ಬಂದೇ ಬರುತ್ತೆ. ಮಗುವಿನ ವೀಸಾ ಆಗುತ್ತಿದ್ದದ್ದು ಅಲ್ಲೇ. ಅದು ಕೈಸೇರುವವರೆಗೆ ಎಷ್ಟೋ ಜನ ಶಾಮಿಯನ್ ದ್ವೀಪದ ವೈಟ್ ಸ್ವಾನ್ ಹೋಟೆಲಿನಲ್ಲಿ ಇಳಿದುಕೊಂಡು, ಆಲದ ಮರಗಳ ನೆರಳಲ್ಲಿ ಮಗುವಿನ ತಳ್ಳುಗಾಡಿ ತಳ್ಳಿಕೊಂಡು ಅಡ್ಡಾಡುತ್ತಿದ್ದರು.

ಅಷ್ಟು ದುಡ್ಡು ಸುರಿದು ಹೋಗಿ ಸುಮ್ಮನೆ ಕೂರೋದಾ ಅಂತೀರಾ? ನನ್ನ ಪ್ರಕಾರ ಇಡೀ ಪ್ರವಾಸದಲ್ಲಿ ಕೆಲಸಕ್ಕೆ ಬರೋ ದಿನ ಅದೇ. ಸರ್ಕಾರಿ ಮೊಹರು ಬಿದ್ದ ಕೂಡಲೇ ಕಾಗದದ ಮೇಲೆ ಅಪ್ಪ-ಅಮ್ಮ ಆಗಿಬಿಡಬಹುದು. ಮಗುವಿಗೆ ಅದೆಲ್ಲಿ ಗೊತ್ತು? ಅದರ ಪಾಲಿಗೆ ನಿನ್ನೆವರೆಗಿನ ದನಿ, ವಾಸನೆ, ಮಲಗುವ ಜಾಗ ಎಲ್ಲ ಒಂದೇ ದಿನದಲ್ಲಿ ಮಾಯ. ಅಳದೆ ಕೂತಿದ್ದರೆ "ಎಷ್ಟು ಸಾಧು!" ಅನ್ನುತ್ತೇವೆ. ಅದು ದಿಗಿಲಿರಬಹುದು. ಅಂಥ ಹೊತ್ತಲ್ಲಿ ಝೂ, ಶಾಪಿಂಗ್ ಬೇಡ. ಗೊತ್ತಿರುವ ಅಕ್ಕಿ ಗಂಜಿ, ಕಿವಿಗೆ ಬೀಳುವ ತನ್ನದೇ ಭಾಷೆ, ಒರಗಲು ಒಂದು ಹೆಗಲು... ಇಷ್ಟು ಸಾಕು.

1992ರಿಂದ 80,000ಕ್ಕೂ ಹೆಚ್ಚು ಮಕ್ಕಳನ್ನು ಅಮೆರಿಕಕ್ಕೆ ಕಳಿಸಿದ ಚೀನಾ, ಹತ್ತಿರದ ಬಂಧುಗಳನ್ನು ಬಿಟ್ಟು ಮಿಕ್ಕವರಿಗೆ 2024ರಲ್ಲಿ ಬಾಗಿಲು ಹಾಕಿತು. ಭಾರತದಿಂದ ಈಗಲೂ ಕೇಂದ್ರ ಸರ್ಕಾರದ ಕಾರಾ ಮೂಲಕ ಮಕ್ಕಳು ಬರುತ್ತಿದ್ದಾರೆ. ನಮ್ಮವರೇ ಯಾರಾದರೂ ಮಗುವನ್ನು ಕರೆತರಲು ಬೆಂಗಳೂರಿಗೆ ಹೊರಟಿದ್ದರೆ ಒಂದು ಮಾತು. ಕಾಗದಪತ್ರ ಕೈಗೆ ಬಂದ ದಿನವೇ ವಿಮಾನ ಹತ್ತಬೇಡಿ. ನೆಂಟರ ಮನೆ ಸುತ್ತಾಟವನ್ನೂ ಬಿಡಿ. ಒಂದು ದಿನ ಮಗುವಿನ ಜೊತೆ ಸುಮ್ಮನೆ ಇರಿ.