ಪೀಪಾಯಿಯ ಬಿಯರು ಮಬ್ಬಾಗಿದ್ದರೆ?

ಮದುವೆಯ ಊಟಗಳಲ್ಲಿ, ಅದರಲ್ಲೂ ಗೋವೆಯ ಕಡೆ, ಕೆಗ್ ಎಂಬ ಉಕ್ಕಿನ ಪೀಪಾಯಿಯಿಂದ ಬಿಯರು ಹಿಡಿದು ಕೊಡುವುದುಂಟು. ಹೊಸೂರಿನವರಿಗಂತೂ ಬೆಂಗಳೂರಿನ ಸಣ್ಣ ಬ್ರೂವರಿಗಳು ಹತ್ತಿರವೇ. ಲೋಟದಲ್ಲಿ ಬಿಯರು ಮಬ್ಬಾಗಿ ಕಂಡರೆ, ಇದು ಕೆಟ್ಟಿದೆಯೇ, ಕುಡಿದರೆ ಏನಾದರೂ ಆದೀತೇ ಎಂಬ ಅನುಮಾನ ಸಹಜ. ಕುಡಿಯದಿರುವುದೇ ಲೇಸು ಎಂದು ಹೇಳಿ ಮುಗಿಸಬಹುದು. ಆದರೆ ಕೇಳಿದ ಪ್ರಶ್ನೆಗೆ ಅದು ಉತ್ತರವಲ್ಲ.

ಮೊದಲು ಅದು ಯಾವ ಬಿಯರು ಎಂದು ಕೇಳಿ. ಜರ್ಮನಿಯ ಬವೇರಿಯ ಪ್ರಾಂತ್ಯದ ‘ಹೆಫೆವೈತ್ಸೆನ್’ ಗೋಧಿಯಿಂದ ಮಾಡಿದ್ದು. ‘ಹೆಫೆ’ ಎಂದರೆ ಯೀಸ್ಟ್. ಅದನ್ನು ಸೋಸುವುದೇ ಇಲ್ಲ. ಮಬ್ಬಾಗಿರುವುದೇ ಅದರ ಲಕ್ಷಣ. ನಮ್ಮ ಕಳ್ಳನ್ನೇ ನೋಡಿ, ಅದು ನೀರಿನಂತೆ ತಿಳಿಯಾಗಿದ್ದರೆ ತಾನೇ ನಮಗೆ ಸಂಶಯ! ಯೀಸ್ಟ್ ಹೆಚ್ಚಾದರೆ ಕೆಲವರಿಗೆ ಹೊಟ್ಟೆಯುಬ್ಬರ ಬಂದೀತು, ಅಷ್ಟೆ. ಗೌಟ್ ಇರುವವರು ಮಾತ್ರ ದೂರವಿರಲಿ.

ತಿಳಿಯಾಗಿರಬೇಕಾದ ಲಾಗರ್ ಬಿಯರು ಮಬ್ಬಾಗಲೂ ಕಾರಣಗಳಿವೆ. ತೀರಾ ತಣ್ಣಗಾದಾಗ ಧಾನ್ಯದ ಪ್ರೋಟೀನು ಮತ್ತು ಒಗರು ಅಂಶ ಒಂದಕ್ಕೊಂದು ಅಂಟಿಕೊಂಡು ಮಂಜು ಕವಿದಂತೆ ಕಾಣುತ್ತದೆ. ಲೋಟವನ್ನು ಸ್ವಲ್ಪ ಹೊತ್ತು ಬಿಟ್ಟರೆ, ಬೆಚ್ಚಗಾಗುತ್ತಾ ಅದು ಸಾಮಾನ್ಯವಾಗಿ ತಾನೇ ತಿಳಿಯಾಗುತ್ತದೆ. ಟೆಂಪೋದಲ್ಲಿ ಕುಲುಕಿ ತಂದ ಪೀಪಾಯಿಯ ತಳದ ಗಸಿ ಮೇಲೆದ್ದರೂ ಹೀಗೆಯೇ. ಇವೆರಡರಿಂದಲೂ ಅಪಾಯವಿಲ್ಲ.

ಮಬ್ಬಿನ ಜೊತೆಗೆ ಹುಳಿ, ವಿನೆಗರಿನ ವಾಸನೆ ಅಥವಾ ಹಳಸಿದ ಬೆಣ್ಣೆಯ ರುಚಿ ಇದ್ದರೆ ಕೊಳವೆ ತೊಳೆದಿಲ್ಲವೆಂದೇ ಅನುಮಾನಿಸಿ. ಬಿಯರು ಹರಿಯುವ ಕೊಳವೆಯನ್ನು 14 ದಿನಗಳಿಗೊಮ್ಮೆಯಾದರೂ ತೊಳೆಯಬೇಕು. ಇಲ್ಲದಿದ್ದರೆ ಹುಳಿ ಹಿಡಿಸುವ ಬ್ಯಾಕ್ಟೀರಿಯಗಳು ಒಳಗೆ ಲೋಳೆಯಾಗಿ ಕೂರುತ್ತವೆ. ಇವು ರುಚಿ ಕೆಡಿಸುತ್ತವೆಯೇ ಹೊರತು ಸಾಮಾನ್ಯವಾಗಿ ಕಾಯಿಲೆ ತರುವುದಿಲ್ಲ. ಕಾಯಿಸಿ ಮಾಡಿದ ಬಿಯರಿನಲ್ಲಿ ಮದ್ಯಸಾರ, ಹುಳಿ ಗುಣ ಮತ್ತು ಹಾಪ್ಸ್ ಹೂವಿನ ಕಹಿ ಇರುವುದರಿಂದ ರೋಗಾಣುಗಳು ಬೆಳೆಯುವುದು ಕಷ್ಟ. ಆದರೂ ಅದನ್ನು ಚೆಲ್ಲಿಬಿಡಿ. ದುಡ್ಡು ಕೊಟ್ಟಿದ್ದೇವೆಂದು ಕುಡಿಯಬೇಕಾಗಿಲ್ಲ.

ಹೆದರಬೇಕಾದ ಸಂಗತಿಗಳು ಬೇರೆಯೇ ಇವೆ, ಅವು ಕಣ್ಣಿಗೆ ಕಾಣುವುದಿಲ್ಲ. ಕೊಳವೆ ತೊಳೆಯಲು ಕಾಸ್ಟಿಕ್ ದ್ರಾವಣ ಬಳಸುತ್ತಾರೆ. ಆಮೇಲೆ ನೀರು ಹಾಯಿಸದೆ ಬಿಯರು ಹಿಡಿದರೆ ಬಾಯಿ, ಗಂಟಲು ಸುಟ್ಟುಹೋಗಬಹುದು. ಬಾಯಿಗಿಟ್ಟ ಕೂಡಲೇ ಉರಿದರೆ ಉಗಿದು, ಬಾಯಿ ತೊಳೆದುಕೊಂಡು ಆಸ್ಪತ್ರೆಗೆ ಓಡಿ, ವಾಂತಿ ಮಾಡಿಸಬೇಡಿ.

ಇನ್ನೊಂದು, ಲೆಕ್ಕವಿಲ್ಲದ ಮನೆ ತಯಾರಿಕೆ. 2015ರ ಜನವರಿಯಲ್ಲಿ ಆಫ್ರಿಕದ ಮೊಜಾಂಬಿಕಿನಲ್ಲಿ, ಸಾವಿನ ಮನೆಯಲ್ಲಿ ಹಂಚಿದ ‘ಪೊಂಬೆ’ ಎಂಬ ನಾಟಿ ಬಿಯರು ಕುಡಿದು 75 ಮಂದಿ ತೀರಿಕೊಂಡರು. ಮೊಸಳೆಯ ಪಿತ್ತ ಬೆರೆಸಿದ್ದಾರೆಂಬ ಗುಲ್ಲು ಮೊದಲು ಎದ್ದಿತ್ತು. ಪರೀಕ್ಷಿಸಿದಾಗ ಕಂಡದ್ದು, ಕೆಟ್ಟ ಮೆಕ್ಕೆಜೋಳದ ಹಿಟ್ಟಿನಲ್ಲಿ ಬ್ಯಾಕ್ಟೀರಿಯ ಬೆಳೆದು ಹುಟ್ಟಿದ ಬೊಂಗ್‌ಕ್ರೆಕಿಕ್ ಆಮ್ಲ. ಅದಕ್ಕೆ ರುಚಿಯಿಲ್ಲ, ವಾಸನೆಯಿಲ್ಲ, ಕುದಿಸಿದರೂ ಹೋಗದು. ಪೊಂಬೆ ಯಾವಾಗಲೂ ಮಬ್ಬಾಗಿಯೇ ಇರುತ್ತದೆ, ಆದ್ದರಿಂದ ನೋಡಿ ತಿಳಿಯುವ ದಾರಿಯೇ ಇರಲಿಲ್ಲ. ನಮ್ಮ ನೆರೆಯ ತೆಲಂಗಾಣದಲ್ಲಿ ಕಳ್ಳಿಗೆ ನಿದ್ರೆ ಮಾತ್ರೆಯ ಪುಡಿ ಬೆರೆಸಿ ಸಿಕ್ಕಿಬಿದ್ದವರಿದ್ದಾರೆ. ಅದೂ ಕಣ್ಣಿಗೆ ಗೊತ್ತಾಗದು.

ಸಮಾರಂಭಕ್ಕೆ ಪೀಪಾಯಿ ತರಿಸುವವರು ಪರವಾನಗಿ ಇರುವ ಕಡೆಯಿಂದಲೇ ತರಿಸಿ, ಕೊಳವೆ ತೊಳೆದದ್ದು ಯಾವಾಗ, ಕೊನೆಗೆ ನೀರು ಹಾಯಿಸಿದ್ದಾರೆಯೇ ಎಂದು ನಾಚದೆ ಕೇಳಿ. ಹಿಂದಿನ ದಿನವೇ ತಂದು ತಂಪಿನಲ್ಲಿ ಅಲುಗಾಡದಂತೆ ನಿಲ್ಲಿಸಿ. ಕೈಪಂಪಿನಿಂದ ಗಾಳಿ ತುಂಬಿ ಹಿಡಿಯುವ ಪೀಪಾಯಿಯಾದರೆ, ಉಳಿದದ್ದನ್ನು ಮರುದಿನದ ನೆಂಟರಿಗೆಂದು ಎತ್ತಿಡಬೇಡಿ.